ಊರಿಂದ ಯಾರೋ ಬಂದಾರ

ಗುಡೂರಿನಿಂದ ದುಡಿಯಲು ಹೊರಗೆ ಹೋದವರ ಬಗ್ಗೆ ನಾವೆಲ್ಲ ಸಾಕಷ್ಟು ಬರೆದಿದ್ದೇವೆ. ಮಳೆ ಕೈಕೊಟ್ಟಿತು, ಮಗ್ಗದ ಕೂಲಿ ಸಾಲದಾಯಿತು, ಮನೆಗೆ ಬೀಗ ಬಿತ್ತು, ಗೋವಾ ಬಸ್ಸು ಹತ್ತಿದರು. ಬಾಗಲಕೋಟೆ ಜಿಲ್ಲೆಯ ಸುದ್ದಿಗಾರರು ಈ ಸುದ್ದಿಯನ್ನು ಹೆಚ್ಚುಕಡಿಮೆ ಪ್ರತಿ ಬೇಸಿಗೆಯಲ್ಲೂ ಕಳಿಸುತ್ತೇವೆ. ಆದರೆ ಹೀಗೆ ಹೋದವರನ್ನು ನೋಡಿಕೊಂಡು ಬರಲು ಊರಿಂದ ಹೋಗುವವರಿದ್ದಾರಲ್ಲ, ಅವರ ಸುದ್ದಿ ಎಲ್ಲೂ ಬರುವುದಿಲ್ಲ.

ಗೋವಾದ ವಾಸ್ಕೋದಲ್ಲಿ ನಾವು ನಾಲ್ಕು ವರ್ಷ ಇದ್ದೆವು, 2009ರಿಂದ 2013ರವರೆಗೆ. ನಾವು ಅಂದರೆ ಗುಡೂರಿನ ನಾಲ್ಕು ಮಂದಿ ಗೆಳೆಯರು. ಒಬ್ಬ ಸೆಂಟ್ರಿಂಗ್ ಕೆಲಸ, ಒಬ್ಬ ಹೋಟೆಲಿನ ಅಡುಗೆಮನೆ, ಒಬ್ಬ ಗೋದಾಮಿನ ಹಮಾಲಿ, ಒಬ್ಬ ಝೆರಾಕ್ಸ್ ಅಂಗಡಿ. ಆಮೇಲೆ ಊರಿಗೆ ಬಂದು, ಪತ್ರಿಕೋದ್ಯಮ ಡಿಪ್ಲೊಮಾ ಮಾಡಿ, ಈಗ ಸುದ್ದಿ ಬರೆದು ಕಳಿಸುವುದು ನಮ್ಮ ಕೆಲಸವಾಗಿದೆ. ಆ ನಾಲ್ಕು ವರ್ಷಗಳಲ್ಲಿ ನಮ್ಮ ಖೋಲಿಗೆ ಊರಿಂದ ಬಂದು ಉಳಿದವರನ್ನು ಎಣಿಸಿದರೆ ನಲವತ್ತಕ್ಕಿಂತ ಹೆಚ್ಚೇ ಆದಾರು. ಅವರು ಏನು ತಂದರು, ಏನು ನೋಡಿದರು, ತಿರುಗಿ ಹೋಗುವಾಗ ಏನು ಒಯ್ದರು ಎಂಬುದನ್ನು ಬರೆದಿಡಬೇಕು ಅನ್ನಿಸಿದೆ.

ಗೋವಾ ಅಂದರೆ ಪಕ್ಕದ ರಾಜ್ಯ, ಅದೇನು ಪರದೇಶವೇ ಎಂದು ನೀವು ಕೇಳಬಹುದು. ನಮ್ಮ ಅಜ್ಜಂದಿರಿಗೆ ಅದು ನಿಜವಾಗಿಯೂ ಪರದೇಶವೇ ಆಗಿತ್ತು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದವರು 1961ರ ಡಿಸೆಂಬರ್ 19ರವರೆಗೂ ಬಿಡಲಿಲ್ಲ. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷ ಕಳೆದರೂ ಗೋವಾದಲ್ಲಿ ಬೇರೆ ಸರಕಾರ, ಬೇರೆ ನಾಣ್ಯ. ಹುಬ್ಬಳ್ಳಿ ಕಡೆಯಿಂದ ಹೋಗುವ ರೈಲಿಗೆ ಕ್ಯಾಸಲ್‌ರಾಕ್ ಗಡಿಯ ನಿಲ್ದಾಣ. ಈಗ ಅಲ್ಲಿ ಯಾರೂ ತಡೆಯುವುದಿಲ್ಲ. ಆದರೆ ಘಟ್ಟ ಇಳಿದ ಮೇಲೆ ಭಾಷೆ ಬೇರೆ, ಊಟ ಬೇರೆ, ಬೋರ್ಡಿನ ಮೇಲಿನ ಅಕ್ಷರ ಬೇರೆ. ಘಟ್ಟದ ಮೇಲಿನಿಂದ ಬಂದವರಿಗೆ ಅಲ್ಲೊಂದು ಹೆಸರಿದೆ: 'ಘಾಟಿ'. ಕೆಲವರು ಬರೀ ಗುರುತಿಗೆ ಅನ್ನುತ್ತಾರೆ, ಕೆಲವರು ಬೈಗಳವಾಗಿಯೇ ಅನ್ನುತ್ತಾರೆ. ಯಾರು ಹೇಗೆ ಅಂದರು ಎಂಬುದು ಭಾಷೆ ಬಾರದಿದ್ದರೂ ತಿಳಿಯುತ್ತದೆ.

ಇಂಥ ಜಾಗದಲ್ಲಿ ಬೆಳಗಿನ ಜಾವ ಫೋನ್ ಬರುತ್ತದೆ. "ಎಲ್ಲಿ ಅದೀರೋ ತಮ್ಮಾ? ನಾವು ಬಸ್‌ಸ್ಟ್ಯಾಂಡಿನ್ಯಾಗ ಇಳದೀವಿ ನೋಡು." ಬರುತ್ತೇವೆ ಎಂದು ಮೊದಲೇ ತಿಳಿಸಿದವರು ನಮಗೆ ನೆನಪಿರುವಂತೆ ಇಬ್ಬರೋ ಮೂವರೋ. ಉಳಿದವರೆಲ್ಲ ಇಳಿದ ಮೇಲೆಯೇ ಫೋನ್ ಮಾಡಿದವರು. ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಗುಡೂರಿನಲ್ಲಿ ಯಾರ ಮನೆಗೂ ಫೋನ್ ಮಾಡಿ ಹೋಗುವ ಪದ್ಧತಿ ಇಲ್ಲ. ಹೋಗಿ ಕಟ್ಟೆಯ ಮೇಲೆ ಕೂತರೆ ನೀರು ಬರುತ್ತದೆ, ಚಹಾ ಬರುತ್ತದೆ.

ಆದರೆ ನಮ್ಮ ಖೋಲಿಗೆ ಕಟ್ಟೆ ಇರಲಿಲ್ಲ. ಝುವಾರಿನಗರದ ಒಂದು ಗುಡ್ಡದ ಇಳಿಜಾರಿನಲ್ಲಿ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ತಗಡಿನ ಖೋಲಿ ಅದು. ಆರು ಖೋಲಿಗಳಿಗೆ ಸೇರಿ ಒಂದು ಪಾಯಖಾನೆ. ನಳದ ನೀರು ಬೆಳಿಗ್ಗೆ ಒಂದು ತಾಸು. ನಾಲ್ವರಿಗೆ ನಾಲ್ಕು ಕೊಡ. ಐದನೆಯವರು ಬಂದರೆ ಆ ನಾಲ್ಕರಲ್ಲೇ ಐವರ ಪಾಲು. ಬಾಡಿಗೆಗೆ ಕೊಡುವಾಗಲೇ ಮಾಲಕರು ನಾಲ್ವರ ಗುರುತಿನ ಚೀಟಿಯ ಝೆರಾಕ್ಸ್ ಇಸಿದುಕೊಂಡು, "ನಾಲ್ಕು ಅಂದ್ರ ನಾಲ್ಕು" ಎಂದಿದ್ದರು. ಹೊಸ ಮುಖ ಕಂಡರೆ ಸಂಜೆಗೆ ಬಂದು ತಲೆ ಎಣಿಸುತ್ತಿದ್ದರು. "ನಮ್ಮ ಕಾಕಾ, ಎರಡ ದಿನ ಇದ್ದು ಹೋಗ್ತಾರ" ಎಂದರೆ, "ಹೋದ ತಿಂಗಳು ಬಂದವರೂ ಕಾಕಾನೇ" ಎನ್ನುತ್ತಿದ್ದರು.

ಆ ಕಡೆ ದುಡಿಯಲು ಬಂದವರಿಗೆ ಮನೆಯ ಭಯ ಯಾವತ್ತೂ ಇತ್ತು. ವಾಸ್ಕೋದ ಬೈನಾ ಕಡಲ ದಂಡೆಯಲ್ಲಿದ್ದ ಮನೆಗಳನ್ನು 2004ರ ಜೂನಿನಲ್ಲಿ ಸರಕಾರ ಕೆಡವಿತು. ಮಳೆಗಾಲದ ಹೊತ್ತು. ಅಲ್ಲಿದ್ದವರಲ್ಲಿ ನಮ್ಮ ಕಡೆಯಿಂದ ಹೋದ ಕನ್ನಡದ ಮಂದಿ ಬಹಳ. ನಾವು ಹೋಗಿದ್ದು ಅದಾದ ಐದು ವರ್ಷಕ್ಕೆ. ಹಳಬರು ಆ ಸುದ್ದಿಯನ್ನು ನಿನ್ನೆ ಮೊನ್ನೆಯದು ಎಂಬಂತೆ ಹೇಳುತ್ತಿದ್ದರು. ಹೀಗಾಗಿ ಮಾಲಕರು ಒಂದು ಮಾತು ಜೋರಾಗಿ ಆಡಿದರೂ ನಾವು ದನಿ ಎತ್ತುತ್ತಿರಲಿಲ್ಲ. ಇದ್ಯಾವುದೂ ಬಂದ ಬೀಗರಿಗೆ ಗೊತ್ತಿರುವುದಿಲ್ಲ. ಅವರು ಬಾಗಿಲಲ್ಲಿ ನಿಂತು, ಊರಲ್ಲಿ ಮಾತಾಡುವಷ್ಟೇ ದೊಡ್ಡ ದನಿಯಲ್ಲಿ, "ಗಾಳಿ ಛಲೋ ಬರ್ತೈತಲ್ಲೋ ಇಲ್ಲಿ!" ಎನ್ನುತ್ತಿದ್ದರು.

ಬರುವವರು ಬರಿಗೈಯಲ್ಲಿ ಬರುತ್ತಿರಲಿಲ್ಲ, ಅದನ್ನೂ ಹೇಳಬೇಕು. ಗಂಟು ಬಿಚ್ಚಿದರೆ ಕಡಕ್ ರೊಟ್ಟಿ ನೂರು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಮಡಕಿ ಕಾಳು. ಅಮೀನಗಡದ ಮೇಲೆ ಬಂದವರಾದರೆ ಕರದಂಟು. ನಾಲ್ಕು ಮನೆಗಳಿಂದ ನಾಲ್ಕು ಗಂಟು ಬೇರೆ ಬೇರೆಯಾಗಿ ಬರುತ್ತಿದ್ದವು. ಒಂದರ ಮೇಲೂ ಹೆಸರು ಬರೆದಿರುವುದಿಲ್ಲ, ಆದರೆ ಕಟ್ಟಿದ ಅರಿವೆ ನೋಡಿದರೆ ಯಾವ ಮನೆಯದು ಎಂದು ನಮಗೆ ತಿಳಿಯುತ್ತಿತ್ತು. ಒಂದು ಸಲ ಒಬ್ಬ ದೊಡ್ಡವ್ವ ಕೌದಿಯನ್ನೇ ಹೊತ್ತು ತಂದಿದ್ದಳು. ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದದ್ದು. ಗೋವಾದ ಸೆಖೆಯಲ್ಲಿ ಅದನ್ನು ಹೊದೆಯುವ ಹಾಗೇ ಇಲ್ಲ. ನೆಲಕ್ಕೆ ಹಾಸಿಕೊಂಡೆವು. ಆಮೇಲೆ ಬಂದವರಿಗೆಲ್ಲ ಅದೇ ಹಾಸಿಗೆಯಾಯಿತು.

ಖರ್ಚಿನ ಲೆಕ್ಕವೂ ಹೇಳಿಬಿಡೋಣ. ಬಂದವರನ್ನು ತಿರುಗಾಡಿಸಲು ಒಬ್ಬ ಕೆಲಸ ಬಿಡಬೇಕು. ಖಾಡೆ ಆದ ದಿನದ ಪಗಾರ ಇಲ್ಲ. ಬಸ್ಸು, ಚಹಾ, ನಾಷ್ಟಾ, ಬಂದವರ ಮಕ್ಕಳಿಗೆ ಒಯ್ಯಲು ಅರ್ಧ ಕಿಲೋ ಗೋಡಂಬಿ. ಎರಡು ದಿನದ ಬೀಗತನಕ್ಕೆ ಮೂರು ದಿನದ ದುಡಿಮೆ ಹೋಗುತ್ತಿತ್ತು. ನಾಲ್ವರೂ ಸರದಿ ಹಚ್ಚಿಕೊಂಡೆವು: ಯಾರ ಮನೆಯ ಕಡೆಯವರೇ ಬರಲಿ, ತಿರುಗಾಡಿಸುವುದು ಸರದಿ ಇದ್ದವನ ಕೆಲಸ, ಖರ್ಚು ಎಲ್ಲರ ಪಾಲಿಗೆ. ನಮ್ಮ ಗೆಳೆತನ ನಾಲ್ಕು ವರ್ಷ ಕೆಡದೆ ಉಳಿದದ್ದಕ್ಕೆ ಈ ಒಂದು ನಿಯಮವೂ ಕಾರಣ.

ಬಂದವರು ನೋಡಬೇಕು ಅನ್ನುವುದು ಮೂರು. ಒಂದು, ಸಮುದ್ರ. ಎರಡು, ಹಳೆ ಗೋವಾದ ಚರ್ಚು. ಮೂರು, ಪಣಜಿಯ ಹೊಳೆಯ ಬೋಟು.

ಸಮುದ್ರ ನೋಡಿದಾಗ ನಮ್ಮ ಮಂದಿ ಮೊದಲು ಸುಮ್ಮನಾಗುತ್ತಾರೆ. ನಮ್ಮದು ಎರೆ ಹೊಲದ ಸೀಮೆ. ಕಣ್ಣಿಗೆ ಕಾಣುವಷ್ಟು ದೂರ ಬಯಲನ್ನು ಕಂಡವರು, ಅಷ್ಟೂ ದೂರ ನೀರನ್ನು ಕಂಡವರಲ್ಲ. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಇಷ್ಟೂ ಉಪ್ಪೇನ?" ಒಂದು ಹನಿ ನಾಲಿಗೆಗೆ ಹಚ್ಚಿ ನೋಡದೆ ಯಾರೂ ನಂಬಿದ್ದಿಲ್ಲ.

ಹಳೆ ಗೋವಾದ ಬಾಂ ಜೀಸಸ್ ಚರ್ಚಿನಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹವನ್ನು ಇಟ್ಟಿದ್ದಾರೆ. 1605ರಲ್ಲಿ ಪೂಜೆಗೆ ತೆರೆದ ಚರ್ಚು. ಹತ್ತು ವರ್ಷಕ್ಕೊಮ್ಮೆ ದೇಹವನ್ನು ಕೆಳಗಿಳಿಸಿ ದರ್ಶನಕ್ಕೆ ಇಡುತ್ತಾರೆ. ಬೇರೆ ದಿನಗಳಲ್ಲಿ ಮೇಲೆತ್ತರದ ಬೆಳ್ಳಿಯ ಪೆಟ್ಟಿಗೆ ಮಾತ್ರ ಕಾಣುತ್ತದೆ. ನಮ್ಮ ಹಿರಿಯರು ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು, "ಯಾವ ಶರಣರಾದ್ರೇನು" ಎಂದು ಹೊರಬರುತ್ತಿದ್ದರು.

ಗೋವಾದ ಸರಕಾರಿ ಬಸ್ಸಿನ ಹೆಸರು 'ಕದಂಬ'. ಅದನ್ನು ಓದಿ ಹಿಗ್ಗಿದವರು ಒಬ್ಬ ನಿವೃತ್ತ ಮಾಸ್ತರರು. ಗೋವಾವನ್ನು ಆಳಿದ ಕದಂಬರ ಕಥೆಯನ್ನು ಬಸ್ಸಿನುದ್ದಕ್ಕೂ ನಮಗೆ ಹೇಳಿದರು. ಅಷ್ಟಕ್ಕೇ ಬಿಡಲಿಲ್ಲ. "ನಮ್ಮ ಐಹೊಳಿ ಮೇಗುತಿ ಗುಡಿ ಶಾಸನದಾಗ ಈ ಕಡಲ ದಂಡಿ ಸುದ್ದಿ ಐತ್ರೋ" ಎಂದರು. ನಿಜ. ಕ್ರಿ.ಶ. 634ರ ಆ ಶಾಸನದಲ್ಲಿ, ಬಾದಾಮಿಯ ದೊರೆ ಮಂಗಳೇಶ ರೇವತೀದ್ವೀಪವನ್ನು ಗೆದ್ದ ಮಾತಿದೆ. ಅದು ಗೋವಾದ ಆಸುಪಾಸಿನ ಕರಾವಳಿ ಎನ್ನುತ್ತಾರೆ ಇತಿಹಾಸ ಬಲ್ಲವರು. ಐಹೊಳೆ ನಮ್ಮ ಊರಿನಿಂದ ದೂರವಿಲ್ಲ. ಸಾಲಿಯಲ್ಲಿದ್ದಾಗ ಮೇಗುತಿ ಗುಡ್ಡವನ್ನು ಎಷ್ಟೋ ಸಲ ಹತ್ತಿ ಇಳಿದಿದ್ದೆವು. ಅದರ ಕಲ್ಲಿನ ಮೇಲೆ ನಾವು ದುಡಿಯಲು ಹೋಗುವ ಸೀಮೆಯ ಸುದ್ದಿ ಇದೆ ಎಂದು ತಿಳಿದದ್ದು ವಾಸ್ಕೋದ ಬಸ್ಸಿನಲ್ಲಿ.

ಪಣಜಿಯ ಹೊಳೆಯ ಹತ್ತಿರ ಮಾತ್ರ ನಾವು ಎಚ್ಚರದಿಂದ ಇರಬೇಕಾಗುತ್ತಿತ್ತು. ಅಲ್ಲಿ ಅದಕ್ಕೆ ಮಾಂಡೋವಿ ಅನ್ನುತ್ತಾರೆ. ನಮಗೆ ಅದು ಮಹಾದಾಯಿ. ನಮ್ಮ ಮಲಪ್ರಭೆಯೂ ಮಹಾದಾಯಿಯೂ ಹುಟ್ಟುವುದು ಒಂದೇ ಖಾನಾಪುರ ತಾಲೂಕಿನ ಗುಡ್ಡಗಳಲ್ಲಿ. ಒಂದು ಪೂರ್ವಕ್ಕೆ ಹರಿದು, ಪಟ್ಟದಕಲ್ಲು, ಐಹೊಳೆ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇನ್ನೊಂದು ಪಶ್ಚಿಮಕ್ಕೆ ಇಳಿದು ಪಣಜಿಯ ಹತ್ತಿರ ಕಡಲು ಸೇರುತ್ತದೆ. ಮಲಪ್ರಭೆ ಬತ್ತಿದ ಬೇಸಿಗೆಯಲ್ಲಿ ಊರು ಬಿಟ್ಟು ಬಂದ ರೈತ ಆ ತುಂಬಿದ ಹೊಳೆಯನ್ನು ನೋಡಿದರೆ ಸುಮ್ಮನಿರುತ್ತಾನೆಯೇ? "ಕಳಸಾ-ಬಂಡೂರಿ ನೀರು ಇದೇ ಅಲ್ಲೇನು? ಇಷ್ಟ ನೀರು ಉಪ್ಪಿನ್ಯಾಗ ಬಿಡ್ತಾರ, ನಮಗ ಒಂದ ಬೊಗಸಿ ಕೊಡಾಕ ಆಗೂದಿಲ್ಲೇನು?" ಎಂದು ಒಬ್ಬ ಮಾವ ನಿಂತಲ್ಲೇ ಭಾಷಣ ಶುರು ಮಾಡಿದ. ಆಗ ನ್ಯಾಯಮಂಡಳಿ ರಚನೆಯಾಗಿ ಹೆಚ್ಚು ದಿನ ಆಗಿರಲಿಲ್ಲ, ಎರಡೂ ಕಡೆ ಕಾವು ಇತ್ತು. ಗೋವಾದವರಿಗೆ ಅದು ಅವರ ಕಾಡು, ಅವರ ಕುಡಿಯುವ ನೀರಿನ ಪ್ರಶ್ನೆ. ನಮ್ಮ ಪಕ್ಕದಲ್ಲಿ ಕೂತ ಅಜ್ಜಿಗೆ ಕನ್ನಡ ತಿಳಿಯದಿದ್ದರೂ 'ಕಳಸಾ' ಎಂಬ ಒಂದು ಪದ ತಿಳಿಯಿತು. ತಿರುಗಿ ನೋಡಿದಳು. ಮಾವನ ತೋಳು ಹಿಡಿದು ಚಹಾ ಅಂಗಡಿಗೆ ಕರೆದೊಯ್ದೆವು. ಮುಂದೆ 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಎಂದು ತೀರ್ಪು ಕೊಟ್ಟಿತು, ಆದರೆ ವ್ಯಾಜ್ಯ ಅಷ್ಟಕ್ಕೆ ಮುಗಿಯಲಿಲ್ಲ. ಸುದ್ದಿ ಬರೆಯುವಾಗ ನಾವು ಆ ಅಜ್ಜಿಯನ್ನೂ ಮಾವನನ್ನೂ ಒಟ್ಟಿಗೆ ನೆನೆಯುತ್ತೇವೆ. ಇಬ್ಬರಿಗೂ ನೀರು ಬೇಕು.

ಇಷ್ಟು ನೋಡುವುದು ತಿರುಗಾಡುವುದು ಆಯಿತು. ಆದರೆ ಬರುವವರು ನಿಜಕ್ಕೂ ನೋಡಲು ಬರುತ್ತಿದ್ದುದು ನಮ್ಮನ್ನು. ಮಗ ಹೇಗಿದ್ದಾನೆ, ಏನು ಉಣ್ಣುತ್ತಾನೆ, ಕುಡಿಯಲು ಕಲಿತಿದ್ದಾನೆಯೇ, ರೊಕ್ಕ ಎಲ್ಲಿ ಹೋಗುತ್ತಿದೆ. ಬಸ್ಸು ಹತ್ತುವ ಮೊದಲು ನಾಲ್ಕು ಮನೆಯವರೂ ಅವರ ಕಿವಿಯಲ್ಲಿ ಹೇಳಿ ಕಳಿಸಿರುತ್ತಾರೆ. ಹಿಂದಿರುಗಿದ ದಿನ ಸಂಜೆ ಅವರ ಮನೆಯ ಮುಂದೆ ನಾಲ್ಕೂ ಮನೆಯವರು ಕೂಡುತ್ತಾರೆ. ಅಲ್ಲಿ ಆಡುವ ಮಾತಿನ ಮೇಲೆ ಎಷ್ಟೋ ನಿಂತಿರುತ್ತದೆ. ಒಬ್ಬ ತಾಯಿಯ ನಿದ್ದೆ, ಒಬ್ಬ ಹುಡುಗನ ಲಗ್ನದ ಮಾತುಕತೆ, ಅವರ ತಮ್ಮ ಸಾಲಿ ಬಿಟ್ಟು ಗೋವಾ ಬಸ್ಸು ಹತ್ತುವುದೋ ಬಿಡುವುದೋ ಎಂಬುದು ಕೂಡ.

2011ರ ಬೇಸಿಗೆಯಲ್ಲಿ ನಮ್ಮ ಸೆಂಟ್ರಿಂಗ್ ಗೆಳೆಯ ಹಲಗೆಯ ಮೇಲಿನಿಂದ ಬಿದ್ದು ಬಲಗೈ ಮುರಿದುಕೊಂಡ. ಕೆಲಸ ಕೊಟ್ಟವರು ಒಂದು ವಾರ ಖರ್ಚಿಗೆ ಕೊಟ್ಟು, ಆಮೇಲೆ ಫೋನ್ ಎತ್ತುವುದನ್ನು ಬಿಟ್ಟರು. ಅವನ ಅವ್ವಗೆ ರಕ್ತದೊತ್ತಡ. ಊರಿಗೆ ಹೇಳುವುದು ಬೇಡ ಅಂದ. ಅದು ಅವನ ಮಾತು, ನಾವು ನಡೆಸಿಕೊಟ್ಟೆವು. ಆದರೆ ತಿಂಗಳಿಗೆ ಸರಿಯಾಗಿ ಹೋಗುವ ರೊಕ್ಕ ಹೋಗದಿದ್ದರೆ ತಾಯಿಗೆ ತಿಳಿಯದೇ ಇರುತ್ತದೆಯೇ? ಅವಳು ಯಾರನ್ನೂ ಏನೂ ಕೇಳಲಿಲ್ಲ. ಓಣಿಯ ಒಬ್ಬ ಕಾಕಾನನ್ನು ಸಮುದ್ರ ನೋಡಲು ಕಳಿಸಿದಳು.

ಕಾಕಾ ಮಗ್ಗದವರು. ಮಾತು ಕಡಿಮೆ. ಬಾಗಿಲಲ್ಲಿ ಬಂದು ನಿಂತು, ಕೊರಳಿಗೆ ಜೋತುಬಿದ್ದ ಕೈಯನ್ನು ನೋಡಿದರು, ಒಳಗೆ ಬಂದು ಕೂತರು, ನೀರು ಕುಡಿದರು. ಹೇಗಾಯಿತು ಎಂದು ಕೇಳಲಿಲ್ಲ. ಮರುದಿನ ನಳ ಬಂದಾಗ ಕೊಡ ತುಂಬಿದರು. ಗೆಳೆಯನ ಅರಿವೆ ಒಗೆದು ಹಾಕಿದರು. ನಾವು ಮೂವರು ಕೆಲಸಕ್ಕೆ ಹೋಗುವ ಮೊದಲು ಅವನಿಗೆ ಅನ್ನ ಕಲಸಿ ತಿನ್ನಿಸಿ ಹೋಗುತ್ತಿದ್ದುದನ್ನು ಮೂಲೆಯಲ್ಲಿ ಕೂತು ನೋಡಿದರು. ಮಾಲಕರು ತಲೆ ಎಣಿಸಲು ಬಂದಾಗ ತಾವೇ ಎದ್ದು ಹೋಗಿ ಕೈ ಮುಗಿದು, ತಮಗೆ ಬರುವ ನಾಲ್ಕೇ ಹಿಂದಿ ಪದಗಳಲ್ಲಿ ಏನೋ ಹೇಳಿದರು. ಆ ಸಲ ಮಾಲಕರು ಏನೂ ಅನ್ನದೆ ಹೋದರು.

ಮೂರನೆಯ ದಿನ ಸಂಜೆ ಬೈನಾ ದಂಡೆಗೆ ಹೋದೆವು. ಸಮುದ್ರ ನೋಡಲೆಂದು ಬಂದವರಿಗೆ ಅದನ್ನೂ ತೋರಿಸಬೇಕಲ್ಲ. ಉಸುಕಿನ ಮೇಲೆ ಕೂತು ಕಾಕಾ ಗೆಳೆಯನನ್ನು ಕೇಳಿದರು: "ನಾಳೆ ಹೊಂಟೀನಿ. ಅವ್ವಗ ಏನ್ ಹೇಳ್ಲಿ?"

ಅವ, "ಅರಾಮ ಅದಾನ ಅಂತ ಹೇಳ್ರಿ ಕಾಕಾ" ಅಂದ.

ಕಾಕಾ ಸ್ವಲ್ಪ ಹೊತ್ತು ತೆರೆ ನೋಡುತ್ತ ಕೂತರು. "ಅರಾಮ ಅಂದ್ರ ಆಕಿ ನಂಬೂದಿಲ್ಲ. ನಂಬಲಿಲ್ಲ ಅಂದ್ರ ಇದ್ದದ್ದಕ್ಕಿಂತ ದೊಡ್ಡದು ಏನೋ ಆಗೈತಿ ಅಂತ ತಿಳ್ಕೋತಾಳ. ಕೈ ಮುರದೈತಿ ಅಂತ ಹೇಳ್ತೀನಿ. ಮೂರ ಮಂದಿ ಉಣಸಾಕತ್ತಾರ ಅಂತನೂ ಹೇಳ್ತೀನಿ. ಎರಡೂ ನಾ ಕಣ್ಣಾರೆ ನೋಡೀನಿ."

ಅವರು ಹಾಗೆಯೇ ಹೇಳಿದರು. ತಾಯಿ ಅತ್ತಳು. ಆದರೆ ಎದೆ ಒಡೆದುಕೊಳ್ಳಲಿಲ್ಲ. ಎಂಟು ದಿನಕ್ಕೆ ರೊಟ್ಟಿಯ ಗಂಟು ಬಂತು. ಈ ಸಲ ನಾಲ್ವರಿಗೂ ಅವಳೊಬ್ಬಳೇ ಕಳಿಸಿದ್ದಳು. ಗೆಳೆಯ ಊರಿಗೆ ಹೋಗಿ ಎರಡು ತಿಂಗಳು ಇದ್ದು, ಕೈ ಕೂಡಿದ ಮೇಲೆ ಬಂದ. ಆ ವರ್ಷ ಗೋವಾಕ್ಕೆ ಹೊರಟಿದ್ದ ಓಣಿಯ ಹುಡುಗರಿಗೆ ಕಾಕಾ ಬೇಡ ಅನ್ನಲಿಲ್ಲ. "ಎರಡ ತಿಂಗಳ ಖರ್ಚಿಗೆ ರೊಕ್ಕ ಇಟ್ಕೊಂಡ ಹೋಗ್ರಿ. ಒಬ್ಬನ ಹೋಗಬ್ಯಾಡ್ರಿ" ಅಂದರಂತೆ.

ಮುಂದೆ ಡಿಪ್ಲೊಮಾ ತರಗತಿಯಲ್ಲಿ, ವರದಿಗಾರ ತಾನು ಕಂಡದ್ದನ್ನು ಪೂರ್ತಿ ಹೇಳಬೇಕು, ಅರ್ಧ ಹೇಳಿದರೆ ಅದು ಸುಳ್ಳಿಗೆ ಸಮ ಎಂದು ಪಾಠ ಮಾಡಿದರು. ಆ ಪಾಠ ನಮಗೆ ಹೊಸದಾಗಿ ಕೇಳಲಿಲ್ಲ.

ಈಗ ನಮ್ಮ ಕಡೆಯ ಮಕ್ಕಳು ಇನ್ನೂ ದೂರ ಹೋಗಿದ್ದಾರೆ. ನಮ್ಮ ಜೊತೆ ಡಿಪ್ಲೊಮಾ ಮಾಡಿದ ಗೆಳತಿಯೊಬ್ಬಳ ಅಕ್ಕ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದಾಳೆ. ಅಲ್ಲಿಗೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಫೋನ್ ಮಾಡುವಂತಿಲ್ಲ. ವೀಸಾ ಬೇಕು, ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಹಾಲಿನ ಪದಾರ್ಥ ಒಯ್ಯಲು ಬಿಡದ ಕಾರಣ ಧಾರವಾಡ ಪೇಡೆ ಊರಲ್ಲೇ ಉಳಿಯುತ್ತದೆ, ಶೇಂಗಾ ಹಿಂಡಿ ಹೋಗುತ್ತದೆ. ಜೂನಿನಲ್ಲಿ ರಾತ್ರಿ ಹತ್ತಕ್ಕೂ ಬೆಳಕು, ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಜೂನಿನಲ್ಲಿ ಹೋದ ತಂದೆ ತಾಯಿಗೆ ಎಂಟು ದಿನ ನಿದ್ದೆ ಹತ್ತಲಿಲ್ಲವಂತೆ. ಅಕ್ಕ ಅವರಿಗೆ ಕೋಟೆ ತೋರಿಸಿದಳು, ಕಡಲು ತೋರಿಸಿದಳು. ತಾಯಿ ಊರಿಗೆ ಬಂದು ಹೇಳಿದ್ದು: "ಮನಿಗೆ ಬಂದ್ರ ಮಾತಾಡಾಕ ಯಾರೂ ಇಲ್ಲ ಆಕಿಗೆ." ಅಂದಿನಿಂದ ಮನೆಯವರು ಅಕ್ಕನಿಗೆ ವಾರಕ್ಕೊಮ್ಮೆ ಮಾಡುತ್ತಿದ್ದ ಫೋನನ್ನು ದಿನಾ ಮಾಡುತ್ತಾರೆ. ಕಾಕಾ ವಾಸ್ಕೋದಲ್ಲಿ ಮಾಡಿದ ಕೆಲಸವೇ ಇದು.

ನೀವು ಹೋಗುವವರಾದರೆ ನಾಲ್ಕು ಮಾತು ನೆನಪಿಡಿ. ಹೊರಡುವ ಮೊದಲು ಫೋನ್ ಮಾಡಿ, ಅವರ ಪಾಳಿ, ಅವರ ರಜೆ ಕೇಳಿ. ಹಾಸಲು ಹೊದೆಯಲು ನಿಮ್ಮದೇ ಒಯ್ಯಿರಿ. ಎರಡನೆಯ ದಿನದ ಕಾಯಿಪಲ್ಲೆ ನೀವೇ ತನ್ನಿ. ಅವರು ಇರುವ ಜಾಗ ಸಣ್ಣದಿದ್ದರೆ ಅಲ್ಲೇ ಉಳಿಯಿರಿ. ಸಂಕೋಚಪಟ್ಟು ಲಾಡ್ಜಿಗೆ ಹೋದರೆ ಅವರ ಬದುಕು ನಿಮಗೆ ಕಾಣುವುದಿಲ್ಲ.

ಕರೆಸಿಕೊಳ್ಳುವವರಿಗೂ ಒಂದು ಮಾತು. ಸಮುದ್ರದ ಜೊತೆಗೆ ನಳದ ಸಾಲನ್ನೂ ತೋರಿಸಿ. ಕಟ್ಟಡ ಕೆಲಸದಲ್ಲಿದ್ದರೆ, ವರ್ಷದಲ್ಲಿ 90 ದಿನ ದುಡಿದ 18ರಿಂದ 60 ವಯಸ್ಸಿನ ಕಾರ್ಮಿಕರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಬಹುದು. ನಿಮ್ಮ ಹೆಸರು ಇದೆಯೋ ಇಲ್ಲವೋ ಎಂಬುದನ್ನು ಬಂದವರಿಗೆ ಹೇಳಿ ಕಳಿಸಿ. ಊರಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ಜಾತ್ರೆ ಮುಗಿದ ಮೇಲೆ ಊರಿಂದ ಗೋವಾ, ಮಂಗಳೂರು, ರತ್ನಾಗಿರಿ ಕಡೆಗೆ ಹೋಗುವವರು ಬಹಳ. ನೀವೂ ಹೊರಟಿದ್ದರೆ, ಟಿಕೆಟ್ ತೆಗೆಸುವ ಮೊದಲು ಆ ಹುಡುಗರ ಅವ್ವಂದಿರ ಮನೆಗೆ ಒಮ್ಮೆ ಹೋಗಿ ಬನ್ನಿ. ಕೊಡುವುದೇನಾದರೂ ಇದೆಯೇ ಎಂದು ಕೇಳಿ. ಗಂಟು ಭಾರ ಆದೀತು, ಆದರೂ ಒಯ್ಯಿರಿ.